ಸೈಲೆನ್ಸರ್ ಸುಡುತ್ತಿದ್ದ ಕಾಲ

ಕನ್ನಡದಲ್ಲಿ ಮಸಿ ಎಂಬ ಮಾತಿಗೆ ಎರಡು ಅರ್ಥ. ಸೌದೆ ಒಲೆಯ ಮೇಲಿಟ್ಟ ಪಾತ್ರೆಯ ತಳಕ್ಕೆ ಹತ್ತುವುದೂ ಮಸಿ, ಲೇಖನಿಯಿಂದ ಕಾಗದಕ್ಕಿಳಿಯುವುದೂ ಮಸಿ. ಉರ್ದುವಿನ ಸಿಯಾಹಿಯ ಕತೆಯೂ ಇದೇ. ಹಳೆಯ ಕಾತಿಬರು ಎಣ್ಣೆದೀಪದ ಕಾಡಿಗೆಯನ್ನು ಬಟ್ಟಲಿಗೆ ಹಿಡಿದು, ಗೋಂದಿನ ನೀರಿನಲ್ಲಿ ಗಂಟೆಗಟ್ಟಲೆ ಅರೆದು ಬರೆಯುವ ಶಾಯಿ ಮಾಡಿಕೊಳ್ಳುತ್ತಿದ್ದರು. ಈ ಎರಡು ಮಸಿಗಳ ಬಗ್ಗೆ ನಮ್ಮ ಸಾಹಿತಿಗಳು ಸಾಕಷ್ಟು ಬರೆದಿದ್ದಾರೆ. ಮೂರನೆಯ ಮಸಿಯೊಂದಿದೆ. ನಮ್ಮ ಮೊಹಲ್ಲಾಗಳ ಗ್ಯಾರೇಜುಗಳಲ್ಲಿ ಅದನ್ನು ಯಾರೂ ಮಸಿ ಎಂದು ಕರೆಯಲಿಲ್ಲ. 'ಕಾರ್ಬನ್' ಎಂದರು. 'ಗಾಡಿಗೆ ಕಾರ್ಬನ್ ಹಿಡಿದಿದೆ' ಎಂದರೆ ಮಾಲೀಕನಿಗೂ ಅರ್ಥವಾಗುತ್ತಿತ್ತು, ಕೆಲಸಕ್ಕಿದ್ದ ಹುಡುಗನಿಗೂ ಅರ್ಥವಾಗುತ್ತಿತ್ತು. ಹುಡುಗ ತಾನಾಗಿಯೇ ಹೋಗಿ ಸೀಮೆಎಣ್ಣೆ ಡಬ್ಬಿ ತರುತ್ತಿದ್ದ.

ಜಾವಾ, ಎಜ್ಡಿ, ರಾಜ್‌ದೂತ್, ಬಜಾಜ್ ಸ್ಕೂಟರು, ಆಟೋರಿಕ್ಷಾ, ಇವೆಲ್ಲ ಟೂ ಸ್ಟ್ರೋಕ್ ಇಂಜಿನ್ನಿನವು. ನಮ್ಮ ಊರುಗಳ ರಸ್ತೆಗಳನ್ನು ಸುಮಾರು ನಲವತ್ತು ವರ್ಷ ಆಳಿದ ಇಂಜಿನ್ನು ಅದು. ಅದರ ಹೊಗೆಯ ಬಗ್ಗೆ ವರದಿಗಳಿವೆ. ಅದರ ಸದ್ದಿನ ಬಗ್ಗೆ ಇಂದು ಪ್ರೇಮಕಾವ್ಯ ಬರೆಯುವವರಿದ್ದಾರೆ. ಆದರೆ ಅದು ಉಸಿರು ಕಟ್ಟಿ ನಿಂತಾಗ ಬಿಚ್ಚಿ, ಕೆರೆದು, ಸುಟ್ಟು, ಮತ್ತೆ ಉಸಿರಾಡುವಂತೆ ಮಾಡುತ್ತಿದ್ದ ಕೆಲಸಕ್ಕೆ ಮಾತ್ರ ಚರಿತ್ರೆಯಿಲ್ಲ.

ಮೊದಲು ಈ ಮಸಿ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಎಣ್ಣೆ ಕೆಳಗಿನ ಕೋಣೆಯಲ್ಲಿ ತನ್ನ ಪಾಡಿಗೆ ತಾನಿರುತ್ತದೆ. ಪೆಟ್ರೋಲು ಮೇಲೆ ಉರಿಯುತ್ತದೆ. ಇಬ್ಬರದೂ ಬೇರೆ ಸಂಸಾರ. ಟೂ ಸ್ಟ್ರೋಕಿನಲ್ಲಿ ಹಾಗಿಲ್ಲ. ಪೆಟ್ರೋಲು ಮತ್ತು ಗಾಳಿ ಮೊದಲು ಕೆಳಗಿನ ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿಂದ ಪಿಸ್ಟನ್ನಿನ ಒತ್ತಡಕ್ಕೆ ಮೇಲಕ್ಕೆ ನುಗ್ಗಬೇಕು. ಹಾಗಾಗಿ ಅಲ್ಲಿ ಎಣ್ಣೆ ತುಂಬಿಡುವಂತಿಲ್ಲ. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಬೇರಿಂಗು, ಪಿಸ್ಟನ್ನುಗಳನ್ನು ತೇವ ಮಾಡಿದ ಎಣ್ಣೆ ಕೊನೆಗೆ ಪೆಟ್ರೋಲಿನ ಜೊತೆ ಉರಿಯಲೇಬೇಕು. ಆದರೆ ಅದು ಪೂರ್ತಿ ಉರಿಯುವುದಿಲ್ಲ. ಅರೆಬೆಂದ ಎಣ್ಣೆ ಡಾಂಬರಿನಂತಾಗಿ ಪಿಸ್ಟನ್ನಿನ ತಲೆಯ ಮೇಲೆ, ಹೆಡ್ಡಿನ ಒಳಗೋಡೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಹೊಗೆ ಹೊರಹೋಗುವ ಕಿಂಡಿಯ ಅಂಚಿಗೆ ಅಂಟಿಕೊಂಡು, ಮುಂದಿನ ಶಾಖಕ್ಕೆ ಸುಟ್ಟು ಗಟ್ಟಿಯಾಗುತ್ತದೆ. ಅದರ ಮೇಲೆ ಇನ್ನೊಂದು ಪದರ. ಗಾಯದ ಮೇಲಿನ ಹಕ್ಕಳೆಯಂತೆ ದಿನದಿನಕ್ಕೂ ದಪ್ಪವಾಗುತ್ತ ಹೋಗಿ, ಹೆಬ್ಬೆರಳು ಹಿಡಿಸುತ್ತಿದ್ದ ಕಿಂಡಿಯಲ್ಲಿ ಕಿರುಬೆರಳೂ ತೂರದಂತಾಗುತ್ತದೆ.

ಆಗ ಗಾಡಿಗೆ ಏನಾಗುತ್ತದೆಂಬುದನ್ನು ದಖನಿ ಮಾತಿನ ಮೇಸ್ತ್ರಿಗಳು ಒಂದೇ ವಾಕ್ಯದಲ್ಲಿ ಹೇಳುತ್ತಿದ್ದರು: 'ಗಾಡೀಕಾ ದಮ್ ಘುಟ್ರಾ.' ಕನ್ನಡದ ಗಿರಾಕಿಗೆ ಅದನ್ನು ಅನುವಾದಿಸುವ ಅಗತ್ಯ ಬೀಳಲಿಲ್ಲ. ಅವನೂ 'ದಮ್ಮು ಕಟ್ಟಿದೆ' ಎಂದೇ ದೂರು ಹೇಳಿಕೊಂಡು ಬಂದಿರುತ್ತಿದ್ದ. ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಎಕ್ಸಲೇಟರ್ ತಿರುಗಿಸಿದರೆ ಏಳುವುದಿಲ್ಲ. ಏರು ಹತ್ತುವುದಿಲ್ಲ. ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಇಂಜಿನ್ ಕಾಯುತ್ತದೆ. ಒಳಗಿನ ಸುಟ್ಟ ಹೊಗೆ ಪೂರ್ತಿ ಹೊರಹೋಗದೆ ಹೊಸ ಗಾಳಿಗೆ ಜಾಗವಿಲ್ಲದಂತಾಗಿರುತ್ತದೆ, ಅಷ್ಟೇ.

ಈ ತೊಂದರೆ ಇಂಜಿನ್ನಿನ ಹುಟ್ಟಿನೊಂದಿಗೇ ಬಂದದ್ದು. ಸ್ಕಾಟ್ಲೆಂಡಿನ ಡುಗಾಲ್ಡ್ ಕ್ಲರ್ಕ್ 1881ರಲ್ಲಿ ತನ್ನ ಟೂ ಸ್ಟ್ರೋಕ್ ಇಂಜಿನ್ನಿಗೆ ಪೇಟೆಂಟ್ ಪಡೆದ. ಅದರಲ್ಲಿ ಗಾಳಿ ತಳ್ಳಲು ಬೇರೆಯೇ ಒಂದು ಸಿಲಿಂಡರ್ ಇತ್ತು. ಕ್ರ್ಯಾಂಕ್ ಕೋಣೆಯನ್ನೇ ಪಂಪಿನಂತೆ ಬಳಸುವ ಅಗ್ಗದ ಉಪಾಯವನ್ನು ಹತ್ತು ವರ್ಷಗಳ ನಂತರ ರೂಢಿಗೆ ತಂದವನು ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ. ಆ ಇಂಜಿನ್ನಿನಿಂದ ಕವಾಟಗಳನ್ನು ಪೂರ್ತಿ ಕಿತ್ತುಹಾಕಿ, ಪಿಸ್ಟನ್ನೇ ಕಿಂಡಿಗಳನ್ನು ತೆರೆದು ಮುಚ್ಚುವಂತೆ ಮಾಡಿದವನು ಡೇಯ ಕೆಲಸಗಾರ ಫ್ರೆಡರಿಕ್ ಕಾಕ್. ನಮ್ಮ ಜಾವಾದಿಂದ ಹಿಡಿದು ಟಿವಿಎಸ್ 50ರವರೆಗೆ ಎಲ್ಲ ಗಾಡಿಗಳ ಬೆನ್ನೆಲುಬು ಈ ಕೆಲಸಗಾರನ ಯೋಚನೆಯೇ. ಪುಸ್ತಕಗಳಲ್ಲಿ ಡೇ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ, ಕಾಕ್ ಹೆಸರಿಗೆ ಕಣ್ಣು ಕಿರಿದು ಮಾಡಿ ಹುಡುಕಬೇಕು. ಇದೇನೂ ಹೊಸ ಸಂಗತಿಯಲ್ಲ.

ಆ ಕಾಲದ ಪಿಸ್ಟನ್ನುಗಳ ತಲೆಯ ಮೇಲೆ ಒಂಟೆಯ ಡುಬ್ಬದಂಥ ಉಬ್ಬು ಇರುತ್ತಿತ್ತು. ಹೊಸ ಗಾಳಿ ನೇರವಾಗಿ ಹೊರಕಿಂಡಿಗೆ ಓಡಿಹೋಗದಂತೆ ತಡೆದು ಮೇಲಕ್ಕೆ ತಿರುಗಿಸುವುದು ಅದರ ಕೆಲಸ. ಆದರೆ ಆ ಉಬ್ಬು ಕಾದು ಕೆಂಪಾಗುತ್ತಿತ್ತು, ಕಾರ್ಬನ್ನು ಅದರ ಮೇಲೆ ಧಾರಾಳವಾಗಿ ಕೂರುತ್ತಿತ್ತು. ಜರ್ಮನಿಯ ಅಡಾಲ್ಫ್ ಶ್ನುರ್ಲೆ 1920ರ ದಶಕದ ಮಧ್ಯದಲ್ಲಿ ಕಿಂಡಿಗಳ ಕೋನವನ್ನೇ ಬದಲಿಸಿ, ಎರಡು ಕಡೆಯಿಂದ ಬರುವ ಗಾಳಿ ಹಿಂಗೋಡೆಗೆ ತಾಗಿ ಸುತ್ತು ಹಾಕಿ ಬರುವಂತೆ ಮಾಡಿದ. ಪಿಸ್ಟನ್ನಿನ ತಲೆ ಚಪ್ಪಟೆಯಾಯಿತು. ಡಿಕೆಡಬ್ಲ್ಯು ಕಂಪನಿ ಇದನ್ನು 1930ರ ದಶಕದ ಆರಂಭದಲ್ಲಿ ಮೋಟಾರು ಸೈಕಲ್ಲಿಗೆ ತಂದಿತು. ಯುದ್ಧ ಮುಗಿದ ಮೇಲೆ ಅದರ ಆರ್‌ಟಿ 125 ಗಾಡಿಯನ್ನು ಗೆದ್ದವರೆಲ್ಲ ನಕಲು ಮಾಡಿದರು. ಇಂಗ್ಲೆಂಡಿನಲ್ಲಿ ಅದು ಬಿಎಸ್‌ಎ ಬ್ಯಾಂಟಮ್, ರಷ್ಯಾದಲ್ಲಿ ಮಾಸ್ಕ್ವಾ, ಅಮೆರಿಕದಲ್ಲಿ ಹಾರ್ಲೆಯ ಪುಟ್ಟ 125. ಸೋತ ಜಪಾನೂ ಹಿಂದೆ ಬೀಳಲಿಲ್ಲ. 1955ರಲ್ಲಿ ಯಮಹಾ ತನ್ನ ಮೊದಲ ಗಾಡಿಯನ್ನು ಅದೇ ಅಚ್ಚಿನಿಂದ ಎರಕ ಹೊಯ್ದಿತು.

ಮೈಸೂರಿನವರಿಗೆ ಹತ್ತಿರದ ಕತೆ ಜಾವಾದ್ದು. ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಷೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ ವಿನ್ಯಾಸ ಕೊಂಡ. ಎರಡೂ ಹೆಸರುಗಳ ಮೊದಲಕ್ಷರಗಳು ಕೂಡಿ ಜಾವಾ ಆಯಿತು. ಆ 500 ಸಿಸಿ ಗಾಡಿ ದುಬಾರಿಯಾಗಿ ಸೋತಿತು. ಲೋಕವೆಲ್ಲ ಆರ್ಥಿಕ ಕುಸಿತದಲ್ಲಿದ್ದ 1932ರಲ್ಲಿ ಇಂಗ್ಲೆಂಡಿನ ವಿಲ್ಲಿಯರ್ಸ್ ಕಂಪನಿಯ 175 ಸಿಸಿ ಟೂ ಸ್ಟ್ರೋಕ್ ಇಂಜಿನ್ ಹಾಕಿ ತಂದ ಅಗ್ಗದ ಗಾಡಿ ಕಂಪನಿಯನ್ನು ಉಳಿಸಿತು. ಟೂ ಸ್ಟ್ರೋಕ್ ಎಲ್ಲ ಕಡೆಯೂ ಬಡವರ ಕೈ ಹಿಡಿದದ್ದು ಹೀಗೆಯೇ. ನಾಜಿಗಳು ದೇಶವನ್ನು ಆಕ್ರಮಿಸಿಕೊಂಡಿದ್ದಾಗ ಜಾವಾದ ಇಂಜಿನಿಯರುಗಳು ಗುಟ್ಟಾಗಿ ಹೊಸ 250 ಸಿಸಿ ಗಾಡಿಯ ನಕ್ಷೆ ಮಾಡುತ್ತಿದ್ದರು. ಯಾನೆಚೆಕ್ 1941ರಲ್ಲಿ ತೀರಿಕೊಂಡ. ಗಾಡಿ 1946ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಲೋಕಕ್ಕೆ ಕಾಣಿಸಿಕೊಂಡಿತು.

ಆ ಗಾಡಿಯ ವಂಶದ್ದೇ ಮೈಸೂರಿಗೆ ಬಂತು. ಇರಾನಿ ಮನೆತನದ ಪಾರ್ಸಿಗಳು ಯಾದವಗಿರಿಯಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. ಸುಮಾರು 12 ಅಶ್ವಶಕ್ತಿ, ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಒದ್ದು ಸ್ಟಾರ್ಟ್ ಮಾಡುವ ಕಿಕ್ಕರನ್ನೇ ತಿರುಗಿಸಿ ಗೇರು ಹಾಕಬೇಕು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು ಎಜ್ಡಿ ಎಂಬ ಹೆಸರಿನಲ್ಲಿ ಬಂದವು. ಇರಾನಿನ ಯಜ್ದ್ ಪಟ್ಟಣ ಜರತುಷ್ಟ್ರರ ಹಳೆಯ ನೆಲೆ, ಆ ಹೆಸರಿನ ನೆನಪು ಅದರಲ್ಲಿದೆ ಎನ್ನುತ್ತಾರೆ. ಜೆಕ್ ಇಂಜಿನ್ನು, ಪಾರ್ಸಿ ಮಾಲೀಕರು, ಒಡೆಯರ ಉದ್ಘಾಟನೆ, ಫಾರಸಿ ಹೆಸರು, ಕನ್ನಡ ನಾಡಿನ ಕಾರ್ಮಿಕರು. ರಿಪೇರಿ ಮಾತ್ರ ಮಂಡಿ ಮೊಹಲ್ಲಾದಲ್ಲಿ, ಲಷ್ಕರ್ ಮೊಹಲ್ಲಾದಲ್ಲಿ, ಆಮೇಲೆ ನಾಡಿನ ಪ್ರತಿ ಊರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ.

ಎರಡು ಸೈಲೆನ್ಸರ್ ಎಂದರೆ ಸುಡುವ ಕೆಲಸವೂ ಎರಡು ಪಟ್ಟು. ಆ ಕೆಲಸ ನಡೆಯುತ್ತಿದ್ದ ರೀತಿಯನ್ನು ಬರೆದಿಡಬೇಕು, ಏಕೆಂದರೆ ಅದನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ.

ಮೊದಲು ಪ್ಲಗ್ಗು, ಸೈಲೆನ್ಸರ್ ಪೈಪು ಬಿಚ್ಚಿ, ಹೆಡ್ಡಿನ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಒಂದನ್ನೇ ಪೂರ್ತಿ ಬಿಚ್ಚಿದರೆ ಅಲ್ಯುಮಿನಿಯಮ್ ಹೆಡ್ಡು ಬಾಗುತ್ತದೆ. ಹೆಡ್ಡು ಎತ್ತಿದ ಕೂಡಲೇ ಉಸ್ತಾದರು ಮಸಿಯ ಬಣ್ಣ ನೋಡುತ್ತಿದ್ದರು. ಒಣಗಿದ ಕಂದು ಬಣ್ಣವಿದ್ದರೆ ಇಂಜಿನ್ ಸರಿಯಿದೆ. ಜಿಡ್ಡು ಜಿಡ್ಡಾದ ಕಪ್ಪಿದ್ದರೆ ಎಣ್ಣೆ ಹೆಚ್ಚಾಗಿದೆ, ಇಲ್ಲವೇ ಕಾರ್ಬೊರೇಟರ್ ಪೆಟ್ರೋಲು ಹೆಚ್ಚು ಬಿಡುತ್ತಿದೆ. ನಾಡಿ ನೋಡುವ ಹಕೀಮರಿಗೂ ಇವರಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಬ್ಲಾಕು ಎತ್ತಿದ ಮೇಲೆ ಕ್ರ್ಯಾಂಕ್ ಕೋಣೆಯ ಬಾಯಿಗೆ ಬಟ್ಟೆ ತುರುಕುವುದು ಮೊದಲ ಪಾಠ. ಕೆರೆದ ಕಾರ್ಬನ್ನಿನ ಒಂದು ಹರಳು ಬೇರಿಂಗಿಗೆ ಬಿದ್ದರೂ ಕೆಲಸ ಕೆಟ್ಟಂತೆಯೇ.

ಕೆರೆಯುವ ಉಪಕರಣ ಇಂಜಿನ್ನಿಗಿಂತ ಮೆತ್ತಗಿರಬೇಕು. ಕಂಪನಿಯ ಪುಸ್ತಕಗಳು ಗಟ್ಟಿ ಮರದ ಚಕ್ಕೆ ಅಥವಾ ಅಲ್ಯುಮಿನಿಯಮ್ ಪಟ್ಟಿ ಎಂದು ಹೇಳುತ್ತಿದ್ದವು. ನಮ್ಮಲ್ಲಿ ಬಿದಿರಿನ ಚಕ್ಕೆಯಿತ್ತು, ಬೆಸುಗೆ ಹಾಕುವ ಸೀಸದ ಕಡ್ಡಿಯಿತ್ತು, ಅವಸರದ ದಿನಗಳಲ್ಲಿ ಮೊನೆ ಮೊಂಡು ಮಾಡಿದ ಆಕ್ಸಾ ಬ್ಲೇಡಿನ ತುಂಡಿತ್ತು. ಮೊನೆಯಿದ್ದರೆ ಪಿಸ್ಟನ್ನಿನ ಮೇಲೆ ಗೀರು ಬೀಳುತ್ತದೆ, ಗೀರಿನಲ್ಲಿ ಹೊಸ ಕಾರ್ಬನ್ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ರಿಂಗು ಕೂರುವ ಕಿರಿದಾದ ಗಾಡಿಯನ್ನು ಶುಚಿ ಮಾಡಲು ಬೇರೆ ಯಾವ ಆಯುಧವೂ ಸರಿಹೋಗುವುದಿಲ್ಲ. ಅದಕ್ಕೆ ಮುರಿದ ಹಳೆಯ ರಿಂಗಿನ ತುಂಡೇ ಬೇಕು, ಅಳತೆ ತಾನಾಗಿ ಸರಿಯಿರುತ್ತದೆ. ಆ ಗಾಡಿಯಲ್ಲಿ ಒಂದು ಪುಟ್ಟ ಪಿನ್ನು ಇರುತ್ತದೆ. ರಿಂಗಿನ ಎರಡು ತುದಿಗಳು ತಿರುಗಿ ಹೋಗಿ ಕಿಂಡಿಗೆ ಸಿಕ್ಕಿಕೊಂಡು ಮುರಿಯದಂತೆ ಅದು ಕಾಯುತ್ತದೆ. ರಿಂಗು ಹಾಕುವಾಗ ಪಿನ್ನು ಮರೆತ ಶಾಗಿರ್ದನಿಗೆ ಬೀಳುತ್ತಿದ್ದ ಏಟು ಬೀದಿಗೆಲ್ಲ ಕೇಳಿಸುತ್ತಿತ್ತು. ಕಾರ್ಬನ್ ಹಿಡಿದು ರಿಂಗು ಅಂಟಿಕೊಂಡರೆ ಉರಿ ಅದರ ಪಕ್ಕದಿಂದ ಕೆಳಗಿಳಿದು ಎಣ್ಣೆಯ ಪೊರೆಯನ್ನು ಸುಡುತ್ತದೆ, ಪಿಸ್ಟನ್ ಹಿಗ್ಗಿ ಜಾಮ್ ಆಗುತ್ತದೆ. ನಡುರಸ್ತೆಯಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡು ಸವಾರ ಬಿದ್ದ ಎಷ್ಟೋ ಅಪಘಾತಗಳ ಮೂಲ ಈ ತೆಳ್ಳನೆಯ ಮಸಿ.

ತಾಮ್ರದ ಗ್ಯಾಸ್ಕೆಟ್ಟನ್ನು ಎಸೆಯುತ್ತಿರಲಿಲ್ಲ. ಕೆಂಪಗೆ ಕಾಯಿಸಿ ನೀರಿಗದ್ದಿದರೆ ಕಬ್ಬಿಣ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಶಾಲೆ ಬಿಟ್ಟ ಹುಡುಗರಿಗೆ ಲೋಹಶಾಸ್ತ್ರದ ಈ ಪಾಠ ಗ್ಯಾರೇಜಿನಲ್ಲಿ ಸಿಕ್ಕಿತು.

ಸೈಲೆನ್ಸರಿನದು ಸಂಜೆಯ ಕೆಲಸ. ಬೈಕಿನದಾದರೆ ಹಿಂತುದಿಯ ನಟ್ಟೋ ಸ್ಕ್ರೂವೋ ಬಿಚ್ಚಿ ಒಳಗಿನ ತೂತುಗಳ ಕೊಳವೆಯನ್ನು ಎಳೆದು ತೆಗೆಯಬಹುದು. ಸ್ಕೂಟರಿನದು ಬಿಚ್ಚಲು ಬಾರದ ಮುಚ್ಚಿದ ಡಬ್ಬಿ, ಅದನ್ನು ಇಡಿಯಾಗಿ ಸುಡಬೇಕು. ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರೆ ಒಳಗಿನ ಜಿಡ್ಡೇ ಹೊತ್ತಿಕೊಂಡು, ಬಾಯಿಂದ ಹೊಗೆ ಉಗುಳುತ್ತ ಬಹಳ ಹೊತ್ತು ಉರಿಯುತ್ತಿತ್ತು. ಕೆಂಪಾದ ಮೇಲೆ ಮರದ ತುಂಡಿನಿಂದ ಬಡಿದರೆ ಒಳಗಿನಿಂದ ಕರಿ ಹಕ್ಕಳೆಗಳು ಉದುರುತ್ತವೆ. ಬಾಗಿದ ಪೈಪಿನೊಳಕ್ಕೆ ಹಳೆಯ ಸೈಕಲ್ ಚೈನು ಇಳಿಬಿಟ್ಟು ಆಚೀಚೆ ಎಳೆಯುವುದು ಇನ್ನೊಂದು ಉಪಾಯ. ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಸುವವರೂ ಇದ್ದರು. ಕಬ್ಬಿಣಕ್ಕೆ ಅದು ಏನೂ ಮಾಡದು, ಆದರೆ ಅಲ್ಯುಮಿನಿಯಮ್ ತಾಗಿದರೆ ತಿಂದುಹಾಕುತ್ತದೆ, ಬುಸುಗುಟ್ಟುತ್ತ ಹೊರಡುವ ಜಲಜನಕಕ್ಕೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಮನುಷ್ಯನ ಚರ್ಮಕ್ಕೆ, ಕಣ್ಣಿಗೆ ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ. ಕೈಗವಸು ಎಂಬುದನ್ನು ಯಾವ ಗ್ಯಾರೇಜಿನಲ್ಲೂ ನಾನು ಕಂಡವನಲ್ಲ. ಪಡಿತರದ ನೀಲಿ ಸೀಮೆಎಣ್ಣೆ ಅಡುಗೆಮನೆಯಿಂದ ಗ್ಯಾರೇಜಿಗೆ ಹೇಗೆ ಬರುತ್ತಿತ್ತು ಎಂಬುದು ಬೇರೆಯೇ ಕತೆ.

ಕೆರೆಯುವ ಕೆಲಸ ಯಾವಾಗಲೂ ಚಿಕ್ಕ ಹುಡುಗನದು. ಉಸ್ತಾದರು ಕಿವಿಯಿಂದ ರೋಗ ಹಿಡಿಯುತ್ತಾರೆ, ದೊಡ್ಡ ಶಾಗಿರ್ದ ಬಿಚ್ಚಿ ಜೋಡಿಸುತ್ತಾನೆ, ಕೊನೆಯವನು ಕೆರೆಯುತ್ತಾನೆ. ಅವನ ಬೆರಳು ಸಣ್ಣದು, ಕಿಂಡಿಗೆ ತೂರುತ್ತದೆ ಎಂಬ ಸಮರ್ಥನೆಯೂ ಇತ್ತು. ಈ ಮಾತು ಕೇಳಿದಾಗಲೆಲ್ಲ ನನಗೆ ಇಂಗ್ಲೆಂಡಿನ ಹೊಗೆಗೂಡುಗಳ ಚರಿತ್ರೆ ನೆನಪಾಗುತ್ತದೆ. ಅಲ್ಲಿಯೂ ಮೈ ಸಣ್ಣದೆಂಬ ಕಾರಣಕ್ಕೆ ಬಡವರ ಮಕ್ಕಳನ್ನು ಹೊಗೆಗೂಡಿನೊಳಕ್ಕೆ ಹತ್ತಿಸಿ ಮಸಿ ಕೆರೆಸುತ್ತಿದ್ದರು. 1775ರಲ್ಲಿ ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ ಆ ಹುಡುಗರು ದೊಡ್ಡವರಾದ ಮೇಲೆ ಅವರ ವೃಷಣದ ಚೀಲಕ್ಕೆ ಬರುತ್ತಿದ್ದ ಹುಣ್ಣು ಕ್ಯಾನ್ಸರ್ ಎಂದೂ ಅದಕ್ಕೆ ಮಸಿಯೇ ಕಾರಣವೆಂದೂ ಬರೆದ. ಒಂದು ಕಸುಬು ಕ್ಯಾನ್ಸರ್ ತರುತ್ತದೆಂದು ವೈದ್ಯಶಾಸ್ತ್ರ ಗುರುತಿಸಿದ್ದು ಹೆಚ್ಚುಕಡಿಮೆ ಅದೇ ಮೊದಲು. ಹಾಗೆ ಬರೆದದ್ದರಿಂದ ಹುಡುಗರು ಕೆಳಗಿಳಿದರೇ? 1788ರಲ್ಲಿ ಒಂದು ಕಾನೂನು ಬಂತು, 1840ರಲ್ಲಿ ಇನ್ನೊಂದು. 1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಹೊಗೆಗೂಡಿನಲ್ಲಿ ಸಿಕ್ಕಿಕೊಂಡು ಸತ್ತ ಮೇಲೆ ಬಂದ ಕಾನೂನಷ್ಟೇ ನಿಜವಾಗಿ ಜಾರಿಯಾಯಿತು. ವೈದ್ಯನ ಮಾತಿಗೂ ಕಾನೂನಿನ ಕೈಗೂ ನಡುವೆ ನೂರು ವರ್ಷ.

ನಮ್ಮ ಗ್ಯಾರೇಜಿನ ಮಸಿಯಲ್ಲಿ ಇನ್ನೊಂದು ವಸ್ತುವೂ ಇತ್ತು. ಇಂಜಿನ್ ಬಡಿದುಕೊಳ್ಳದಿರಲಿ ಎಂದು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಬಹುದೆಂದು ಅಮೆರಿಕದ ಥಾಮಸ್ ಮಿಡ್ಗ್ಲಿ 1921ರಲ್ಲಿ ಕಂಡುಹಿಡಿದ. ಭಾರತದಲ್ಲಿ 2000ದ ಫೆಬ್ರವರಿಯಲ್ಲಷ್ಟೇ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲು ಬಂತು. ಅಂದರೆ ಅದಕ್ಕೂ ಮುಂಚೆ ಹೆಡ್ಡಿನಿಂದ ಕೆರೆದು ತೆಗೆದ ಪುಡಿಯಲ್ಲಿ ಕಾರ್ಬನ್ನಿನ ಜೊತೆ ಸೀಸದ ಲವಣಗಳೂ ಇದ್ದವು. ಹುಡುಗ ಕೆರೆಯುತ್ತಾನೆ, ಬಾಯಿಂದ ಊದುತ್ತಾನೆ, ಅದೇ ಕೈಯಲ್ಲಿ ಬನ್ನು ತಿಂದು ಚಹಾ ಕುಡಿಯುತ್ತಾನೆ. ಮಕ್ಕಳ ಮೆದುಳಿಗೆ ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಹುಡುಗರಲ್ಲಿ ಅನೇಕರನ್ನು 'ಓದು ತಲೆಗೆ ಹತ್ತಲಿಲ್ಲ' ಎಂದೇ ಗ್ಯಾರೇಜಿಗೆ ಬಿಟ್ಟಿದ್ದರು. ಬಿಟ್ಟ ಮೇಲೆ ಏನು ಹತ್ತಿತೆಂದು ಯಾರೂ ರಕ್ತ ತೆಗೆದು ನೋಡಲಿಲ್ಲ.

ನಮ್ಮ ಸಮುದಾಯದವರು ಇದನ್ನು ಓದಿ ಬೇಸರಿಸಿಕೊಳ್ಳಬಾರದು. ಮೆಕ್ಯಾನಿಕ್ ಕೆಲಸ ಎಷ್ಟೋ ಮನೆಗಳ ಒಲೆ ಉರಿಸಿದೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಮುಸ್ಲಿಮರಲ್ಲಿ ಸಂಬಳದ ಕಾಯಂ ಕೆಲಸದವರು ಕಡಿಮೆ, ಸ್ವಂತ ದುಡಿಮೆಯವರೇ ಹೆಚ್ಚು ಎಂದು 2006ರಲ್ಲಿ ಸಾಚಾರ್ ಸಮಿತಿ ಅಂಕಿ ಅಂಶಗಳೊಂದಿಗೆ ಹೇಳಿತು. ಬೀದಿಯಲ್ಲಿ ನಿಂತು ನೋಡಿದವರಿಗೆ ಅದು ಮೊದಲೇ ಗೊತ್ತಿತ್ತು. ಆದರೆ ಹೆಮ್ಮೆಯ ಹೆಸರಿನಲ್ಲಿ ನಾವು ಒಂದು ಪ್ರಶ್ನೆಯನ್ನು ತಪ್ಪಿಸಿಕೊಂಡು ಬಂದಿದ್ದೇವೆ. ಬಾಲಕಾರ್ಮಿಕರ ಕಾನೂನು 1986ರಲ್ಲೇ ಬಂತು, ಗ್ಯಾರೇಜುಗಳೂ ಆಮೇಲೆ ಅಪಾಯದ ಕೆಲಸಗಳ ಪಟ್ಟಿಗೆ ಸೇರಿದವು. 2016ರ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿತು. ಅಪಾಯವಿಲ್ಲದ ಕೌಟುಂಬಿಕ ಕಸುಬಿನಲ್ಲಿ, ಶಾಲೆಯ ಬಿಡುವಿನಲ್ಲಿ ನೆರವಾಗುವುದಕ್ಕೆ ಮಾತ್ರ ರಿಯಾಯಿತಿ ಕೊಟ್ಟಿತು. ಅಧಿಕಾರಿ ಬಂದು ಕೇಳಿದರೆ ಮೊಹಲ್ಲಾದ ಎಲ್ಲ ಉಸ್ತಾದರೂ ಎಲ್ಲ ಹುಡುಗರಿಗೂ ಮಾಮೂ ಆಗಿಬಿಡುತ್ತಾರೆ.

ಕಾರ್ಬನ್ ಹೆಚ್ಚಾಗಲು ನಮ್ಮ ಜನರ ಒಂದು ನಂಬಿಕೆಯೂ ಕಾರಣವಾಗಿತ್ತು. ಎಣ್ಣೆ ಹೆಚ್ಚು ಹಾಕಿದಷ್ಟೂ ಇಂಜಿನ್ ಬಾಳುತ್ತದೆ ಎಂದು ಆಟೋದವರು ಧಾರಾಳವಾಗಿ ಸುರಿಯುತ್ತಿದ್ದರು. ಸುರಿಯುತ್ತಿದ್ದುದು ಅಗ್ಗದ ಬಿಡಿ ಎಣ್ಣೆ. ಪೆಟ್ರೋಲಿಗೆ ಸೀಮೆಎಣ್ಣೆಯೂ ಬೆರೆತಿರುತ್ತಿತ್ತು. ಸಾಲದ ಮೇಲೆ ಗಾಡಿ ಕೊಂಡವನಿಗೆ ಪಿಸ್ಟನ್ ಜಾಮ್ ಆಗುವ ಭಯ ಹೊಗೆಯ ಭಯಕ್ಕಿಂತ ದೊಡ್ಡದು. ಇದನ್ನು ಅಜ್ಞಾನ ಎಂದು ವರದಿಗಳು ಬರೆದವು, ನಾನು ಹಾಗೆ ಬರೆಯಲಾರೆ. ಅಷ್ಟರಲ್ಲಿ ಜಪಾನಿನಲ್ಲಿ ಯಮಹಾ 1964ರಲ್ಲೇ ಎಣ್ಣೆಗೆ ಬೇರೆ ಪಂಪು ಇಟ್ಟು, ಇಂಜಿನ್ನಿಗೆ ಬೇಕಾದಷ್ಟೇ ಬಿಡುವ ವ್ಯವಸ್ಥೆ ತಂದಿತ್ತು. ಹೊಗೆ ಕಡಿಮೆಯಾಗುವ ಹೊಸ ಬಗೆಯ 2ಟಿ ಎಣ್ಣೆಗಳು 1990ರ ದಶಕದಲ್ಲಿ ಬಂದವು. ಕಾರ್ಬನ್ ಕಡಿಮೆಯಾಯಿತು. ಆದರೆ ಹೀರಿದ ಪೆಟ್ರೋಲಿನ ದೊಡ್ಡ ಪಾಲು ಉರಿಯದೆಯೇ ಹೊರಕಿಂಡಿಯಿಂದ ಓಡಿಹೋಗುವ ಮೂಲ ದೋಷಕ್ಕೆ ಎಣ್ಣೆ ಏನು ಮಾಡೀತು? 2000ದ ಹೊಗೆ ನಿಯಮಗಳ ನಂತರ ಟೂ ಸ್ಟ್ರೋಕ್ ಬೈಕುಗಳು ಒಂದೊಂದಾಗಿ ಅಂಗಡಿಯಿಂದ ಮರೆಯಾದವು. ಮೈಸೂರಿನ ಕಾರ್ಖಾನೆ ಅದಕ್ಕೂ ಮುಂಚೆ, 1996ರಲ್ಲೇ ಬಾಗಿಲು ಹಾಕಿತ್ತು.

ಕಾರ್ಖಾನೆ ಮುಚ್ಚಿದರೂ ಗಾಡಿಗಳು ಸಾಯಲಿಲ್ಲ. ಕಂಪನಿಯ ಬಿಡಿಭಾಗ ಸಿಗದ ಕಾಲದಲ್ಲಿ ಅವುಗಳನ್ನು ಬದುಕಿಸಿದ್ದು ಇದೇ ಉಸ್ತಾದರು. ಗುಜರಿಯಿಂದ ತಂದು, ಲೇತಿನಲ್ಲಿ ಕಡೆದು, ಬೇರೆ ಗಾಡಿಯ ಪಿಸ್ಟನ್ ಉಜ್ಜಿ ಹೊಂದಿಸಿ. ಇಂದು ಹಳೆಯ ಜಾವಾ, ಎಜ್ಡಿಗಳು ಶೋಕಿಯ ವಸ್ತು. ಪ್ರತಿವರ್ಷ ಜುಲೈನಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಅವುಗಳ ಮೆರವಣಿಗೆ ನಡೆಯುತ್ತದೆ. ಜಾವಾ ಹೆಸರು 2018ರಲ್ಲಿ ಮತ್ತೆ ಬಂತು. ಆದರೆ ಆ 293 ಸಿಸಿ ಗಾಡಿ ಫೋರ್ ಸ್ಟ್ರೋಕಿನದು, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾದದ್ದು. ನೆನಪಿಗೆಂದು ಎರಡು ಸೈಲೆನ್ಸರ್ ಇಟ್ಟಿದ್ದಾರೆ. ಅವನ್ನು ಸುಡುವ ಪ್ರಮೇಯ ಬರುವುದಿಲ್ಲ.

ಹಳೆಯ ಗಾಡಿಯವರಿಗೆ ಇನ್ನೂ ಬರುತ್ತದೆ. ಕಾರ್ಬನ್ ತೆಗೆಸಬೇಕೆಂದಾಗ ಅವರು ಅರವತ್ತು ದಾಟಿದ ಒಬ್ಬ ಉಸ್ತಾದರನ್ನು ಹುಡುಕಿಕೊಂಡು ಕಾರಿನಲ್ಲಿ ಹೋಗುತ್ತಾರೆ, ಕೇಳಿದಷ್ಟು ಕೊಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಈಗ ಸುಡುವುದಕ್ಕೆ ಗ್ಯಾಸ್ ಟಾರ್ಚ್ ಇದೆ, ಸ್ಪ್ರೇ ಡಬ್ಬಿಯಲ್ಲಿ ಕಾರ್ಬನ್ ಕರಗಿಸುವ ದ್ರಾವಣ ಸಿಗುತ್ತದೆ. ರಿಂಗಿನ ಗಾಡಿಗೆ ಮಾತ್ರ ಈಗಲೂ ಮುರಿದ ಹಳೆಯ ರಿಂಗಿನ ತುಂಡೇ. ಕೆರೆಯಲು ಹುಡುಗರು ಸಿಗುವುದಿಲ್ಲವೆಂದು ಉಸ್ತಾದರು ಗೊಣಗುತ್ತ ತಾವೇ ಕೂತು ಕೆರೆಯುತ್ತಾರೆ. ಅವರ ಮೊಮ್ಮಕ್ಕಳು ಆ ಹೊತ್ತಿನಲ್ಲಿ ಶಾಲೆಯಲ್ಲಿರುತ್ತಾರೆ.